ಡೀಸೆಲ್ಲೋ ಪೆಟ್ರೋಲೋ? ಮೊದಲು ಗಡಿಯಾರ ನೋಡಿ

ಪ್ರಶ್ನೆ: ನಮ್ಮ ಹಳೇ ಪೆಟ್ರೋಲ್ ಗಾಡಿಗೆ 14 ವರ್ಷ. ಕ್ಲಚ್ ಹೋಗುತ್ತಿದೆ, ಏಸಿ ಹೋಗಿಯೇ ಎರಡು ವರ್ಷವಾಯಿತು. ಮನೆಯಲ್ಲಿ ಐದು ಜನ. ಎರಡು ಸೆಕೆಂಡ್ ಹ್ಯಾಂಡ್ ಗಾಡಿ ನೋಡಿಟ್ಟಿದ್ದೇವೆ. ಎರಡಕ್ಕೂ ಆರು ವರ್ಷ, ಬೆಲೆಯೂ ಹೆಚ್ಚುಕಡಿಮೆ ಒಂದೇ. ಡೀಸೆಲ್ ಗಾಡಿ 95,000 ಕಿ.ಮೀ. ಓಡಿದೆ, ಪೆಟ್ರೋಲ್ ಗಾಡಿ 60,000. ದಿನಾ ಆಫೀಸಿಗೆ 6 ಕಿ.ಮೀ., ಮಕ್ಕಳ ಶಾಲೆಗೆ 3 ಕಿ.ಮೀ., ತಿಂಗಳಿಗೊಮ್ಮೆ ದೂರದ ಪ್ರಯಾಣ. ಎಲ್ಲ ಸೇರಿ ವರ್ಷಕ್ಕೆ 10,000 ಕಿ.ಮೀ. ಆಗಬಹುದು. ಮೈಲೇಜ್ ಜಾಸ್ತಿ ಅಂತ ಮನಸ್ಸು ಡೀಸೆಲ್ ಕಡೆಗಿದೆ. ಏನು ಮಾಡಲಿ?

ಉತ್ತರ: ಪೆಟ್ರೋಲ್ ತಗೊಳ್ಳಿ. ಇದನ್ನು ಹೇಳುವಾಗ ನನಗೆ ಅನುಮಾನವೇ ಇಲ್ಲ, ಏಕೆಂದರೆ ನಿಮ್ಮ ಪತ್ರದಲ್ಲೇ ಉತ್ತರ ಇದೆ. ನೀವು ವರ್ಷಕ್ಕೆ ಎಷ್ಟು ಕಿಲೋಮೀಟರ್ ಅಂತ ಲೆಕ್ಕ ಹಾಕಿದ್ದೀರಿ. ಡೀಸೆಲ್ ವಿಷಯದಲ್ಲಿ ಎಣಿಸಬೇಕಾದ್ದು ಕಿಲೋಮೀಟರ್ ಅಲ್ಲ, ನಿಮಿಷ. ಒಮ್ಮೆ ಕೀಲಿ ತಿರುಗಿಸಿದ ಮೇಲೆ ಇಂಜಿನ್ ನಿಲ್ಲದೆ ಎಷ್ಟು ನಿಮಿಷ ಓಡುತ್ತದೆ ಅನ್ನುವುದು. ಶಾಲೆಗೆ ಹತ್ತು ನಿಮಿಷ, ಆಫೀಸಿಗೆ ಹದಿನೈದು. ಅಷ್ಟರಲ್ಲಿ ಡೀಸೆಲ್ ಇಂಜಿನ್ ಸರಿಯಾಗಿ ಬಿಸಿಯೂ ಆಗಿರುವುದಿಲ್ಲ. ಅದು ಇಂಧನವನ್ನು ವ್ಯರ್ಥ ಮಾಡುವುದು ಕಡಿಮೆ, ಹಾಗಾಗಿ ಶಾಖವಾಗಿ ಹೋಗುವುದೂ ಕಡಿಮೆ, ಬೆಚ್ಚಗಾಗುವುದೂ ನಿಧಾನ. ಮೀಟರಿನ ಮುಳ್ಳು ಮಧ್ಯಕ್ಕೆ ಬಂತು ಅಂದರೆ ಇಂಜಿನ್ ತಣಿಸುವ ನೀರು, ಅಂದರೆ ಕೂಲಂಟ್, ಬಿಸಿಯಾಯಿತು ಅಂತ ಅರ್ಥ, ಅಷ್ಟೆ. ಆಯಿಲ್ ಬಿಸಿಯಾಗಲು ಇನ್ನೂ ಹೊತ್ತು ಬೇಕು.

ಅದರಿಂದ ಏನು ತೊಂದರೆ ಅಂತೀರಾ? ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅಂತ ಒಂದು ಫಿಲ್ಟರ್ ಕೂತಿರುತ್ತದೆ. ಯುರೋಪಿನಲ್ಲಿ 2009ರಲ್ಲಿ ಯೂರೊ 5 ಅನ್ನುವ ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಕಾರುಗಳಲ್ಲಿ ಇದು ಮಾಮೂಲಾಯಿತು. ಹೊಗೆಯಲ್ಲಿರುವ ಮಸಿಯನ್ನು ಹಿಡಿದಿಟ್ಟುಕೊಳ್ಳುವುದು ಇದರ ಕೆಲಸ. ಹಿಡಿದಿಟ್ಟುಕೊಂಡರೆ ತುಂಬುತ್ತದೆ, ಅಲ್ವಾ? ಅದಕ್ಕೇ ಕೆಲವು ನೂರು ಕಿ.ಮೀ.ಗೊಮ್ಮೆ ಗಾಡಿ ತಾನೇ ಆ ಮಸಿಯನ್ನು ಸುಡುತ್ತದೆ. ಸುಡಲು ಫಿಲ್ಟರಿನ ಬಿಸಿ 600 ಡಿಗ್ರಿ ಸೆಲ್ಸಿಯಸ್ ಹತ್ತಿರ ಏರಬೇಕು. ಅದಕ್ಕಾಗಿ ಇಂಜಿನ್ ಸ್ವಲ್ಪ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ, ಹತ್ತಿಪ್ಪತ್ತು ನಿಮಿಷ ಹೀಗೇ ನಡೆಯುತ್ತದೆ, ಮತ್ತು ಸರಿಯಾಗಿ ಅದೇ ಹೊತ್ತಿಗೆ ನೀವು ಶಾಲೆಯ ಗೇಟಿನ ಮುಂದೆ ಗಾಡಿ ಆಫ್ ಮಾಡುತ್ತೀರಿ. ಅರ್ಧ ಸುಟ್ಟ ಮಸಿ ಹಾಗೇ ಉಳಿಯಿತು. ನಾಳೆ ಮತ್ತೆ ಶುರು, ಮತ್ತೆ ಅರ್ಧಕ್ಕೆ ಬಂದ್.

ಇದು ನನಗೇ ಆಗಿದ್ದು. ಹಿಂದೊಮ್ಮೆ ಮೈಲೇಜ್ ಆಸೆಗೆ ಬಿದ್ದು ನಾನೂ ಒಂದು ಹಳೇ ಡೀಸೆಲ್ ಗಾಡಿ ತಂದೆ. ಮನೆಯಿಂದ ಕೆಲಸಕ್ಕೆ ಹನ್ನೆರಡು ನಿಮಿಷದ ದಾರಿ. ಎಂಟನೇ ತಿಂಗಳಿಗೆ ಮೀಟರಿನಲ್ಲಿ ಕಿತ್ತಳೆ ಬಣ್ಣದ ಎಚ್ಚರಿಕೆ ದೀಪ ಬಂತು. ಬಾನೆಟ್ ಎತ್ತಿ ಆಯಿಲ್ ಅಳೆಯುವ ಕಡ್ಡಿ, ಅದೇ ಡಿಪ್‌ಸ್ಟಿಕ್, ಎಳೆದು ನೋಡಿದೆ. ಆಯಿಲ್ ಕಡಿಮೆಯಾಗಿರಬಹುದು ಅಂತ ನನ್ನ ಎಣಿಕೆ. ಕಡಿಮೆ ಎಲ್ಲಿ, ಮೇಲಿನ ಗುರುತಿಗಿಂತ ಒಂದು ಬೆರಳು ಮೇಲಿತ್ತು! ಬೆರಳಿಗೆ ಹಚ್ಚಿ ಉಜ್ಜಿದರೆ ನೀರು ನೀರು, ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ. ಮಸಿ ಸುಡಲು ಚಿಮ್ಮಿಸಿದ ಡೀಸೆಲ್ ಸಿಲಿಂಡರ್ ಗೋಡೆಗೆ ಅಂಟಿ, ಪಿಸ್ಟನ್ ರಿಂಗ್ ದಾಟಿ, ಕೆಳಗೆ ಆಯಿಲ್ ಜೊತೆ ಸೇರಿಕೊಂಡಿತ್ತು. ಆಯಿಲ್ ತಾನಾಗಿ ಜಾಸ್ತಿಯಾಯಿತು ಅಂತ ಖುಷಿಪಡುವ ಹಾಗಿಲ್ಲ. ತೆಳುವಾದ ಆಯಿಲ್ ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊವನ್ನೂ ಬೇರಿಂಗನ್ನೂ ತಿಂದು ಹಾಕುತ್ತದೆ. ನೀವೂ ಡೀಸೆಲ್ ನೋಡಲು ಹೋದರೆ ಮೊದಲು ಎಳೆಯಬೇಕಾದ್ದು ಆ ಕಡ್ಡಿಯನ್ನು.

ಇನ್ನು ಮೈಲೇಜ್ ಲೆಕ್ಕ. ಡೀಸೆಲ್ ಗಾಡಿ ಕಡಿಮೆ ಕುಡಿಯುತ್ತದೆ, ಸುಳ್ಳಲ್ಲ. ಒಂದು ಲೀಟರ್ ಡೀಸೆಲ್‌ನಲ್ಲಿರುವ ಶಕ್ತಿಯೇ ಒಂದು ಲೀಟರ್ ಪೆಟ್ರೋಲಿಗಿಂತ ಶೇಕಡಾ 10ಕ್ಕೂ ಹೆಚ್ಚು. ಅದರ ಮೇಲೆ ಡೀಸೆಲ್ ಇಂಜಿನ್ ಗಾಳಿಯನ್ನು ಹೆಚ್ಚು ಬಿಗಿಯಾಗಿ ಒತ್ತುತ್ತದೆ, ಹಾಗಾಗಿ ಸಿಗುವ ಕೆಲಸವೂ ಜಾಸ್ತಿ. ಪೆಟ್ರೋಲ್ ಗಾಡಿ ಲೀಟರಿಗೆ 15 ಕಿ.ಮೀ., ಡೀಸೆಲ್ ಗಾಡಿ 20 ಅಂತ ಇಟ್ಟುಕೊಳ್ಳಿ. ನಿಮ್ಮ 10,000 ಕಿ.ಮೀ.ಗೆ ಪೆಟ್ರೋಲ್ 667 ಲೀಟರ್, ಡೀಸೆಲ್ 500 ಲೀಟರ್. ಉಳಿದದ್ದು 167 ಲೀಟರ್. ಪೆಟ್ರೋಲನ್ನು ಪೆಟ್ರೋಲ್ ದರದಿಂದ, ಡೀಸೆಲನ್ನು ಡೀಸೆಲ್ ದರದಿಂದ ಗುಣಿಸಿ, ವ್ಯತ್ಯಾಸವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆಮೇಲೆ ಒಬ್ಬ ಮೆಕ್ಯಾನಿಕ್ ಹತ್ತಿರ ಹೋಗಿ, ಆ ಡೀಸೆಲ್ ಗಾಡಿಗೆ ಡಿಪಿಎಫ್ ಬದಲಿಸಲು ಎಷ್ಟು, ಡೀಸೆಲ್ ಚಿಮ್ಮಿಸುವ ನಾಲ್ಕು ಇಂಜೆಕ್ಟರಿಗೆ ಎಷ್ಟು, ಟರ್ಬೊಗೆ ಎಷ್ಟು, ಕ್ಲಚ್ ಜೊತೆ ಇಂಜಿನ್ ನಡುಕ ಹೀರುವ ಡ್ಯುಯಲ್ ಮಾಸ್ ಫ್ಲೈವೀಲ್ ಅನ್ನುವ ಚಕ್ರ ಹಾಕಲು ಎಷ್ಟು ಅಂತ ಕೇಳಿ. ಇದರಲ್ಲಿ ಒಂದೇ ಒಂದು ಕೈಕೊಟ್ಟರೂ ಎಷ್ಟು ವರ್ಷದ ಉಳಿತಾಯ ಹೋಗುತ್ತದೆ ಅಂತ ಚೀಟಿ ನೋಡಿದರೆ ಗೊತ್ತಾಗುತ್ತದೆ. ಈಗಿನ ಡೀಸೆಲ್ ಇಂಜೆಕ್ಟರಿನಲ್ಲಿ 1,600ರಿಂದ 2,000 ಬಾರ್ ಒತ್ತಡ ಇರುತ್ತದೆ, ಇನ್ನೂ ಜಾಸ್ತಿ ಇರುವವೂ ಇವೆ. ನಿಮ್ಮ ಟೈರಿನಲ್ಲಿ ಇರುವುದು 2 ಚಿಲ್ಲರೆ. ಅಷ್ಟು ಒತ್ತಡ ತಡೆಯುವ ಭಾಗ ಅಗ್ಗಕ್ಕೆ ಎಲ್ಲಿಂದ ಬರಬೇಕು?

ಪ್ರಶ್ನೆ: ನನ್ನದು ಉಲ್ಟಾ ಕತೆ. ಕೆಲಸದ ಮೇಲೆ ದಿನಾ ಹೆದ್ದಾರಿಯಲ್ಲಿ 120 ಕಿ.ಮೀ. ಓಡಾಟ. ಎಲ್ಲರೂ ಡೀಸೆಲ್ ಬೇಡ ಅಂತ ಹೆದರಿಸುತ್ತಾರೆ. ಪೆಟ್ರೋಲ್ ತಗೊಂಡರೆ ತಲೆನೋವೇ ಇರಲ್ವಾ?

ಉತ್ತರ: ನೀವು ಡೀಸೆಲ್ ತಗೊಳ್ಳಿ, ಹೆದರಬೇಡಿ. ಮೇಲೆ ಬರೆದ ಗೋಳೆಲ್ಲ ಗಿಡ್ಡ ಓಡಾಟದವರದ್ದು. ನಿಮ್ಮ ಹಾಗೆ ಒಂದೇ ಸಮ ಒಂದು ಗಂಟೆ ಓಡಿಸುವವರ ಗಾಡಿಯಲ್ಲಿ ಮಸಿ ಓಡುತ್ತಾ ಓಡುತ್ತಾ ಸುಟ್ಟು ಹೋಗುತ್ತದೆ. ಹಾಗೇ ಓಡಿದ ಗಾಡಿಯನ್ನೇ ಹುಡುಕಿ. 30,000 ಕಿ.ಮೀ. ಓಡಿದ ಡೀಸೆಲ್ ಅಂತ ಯಾರಾದರೂ ತೋರಿಸಿದರೆ ಎಲ್ಲರಿಗೂ ಬಾಯಲ್ಲಿ ನೀರು, ನನಗೆ ಮಾತ್ರ ಅನುಮಾನ. ಆರು ವರ್ಷದಲ್ಲಿ ಅಷ್ಟೇ ಓಡಿದೆ ಅಂದರೆ ಸುಮ್ನೆ ನಿಂತಿರಬೇಕು, ಇಲ್ಲವೇ ಸಂತೆಗೆ ಹೋಗಿ ಬಂದಿರಬೇಕು. ಹೆದ್ದಾರಿಯಲ್ಲಿ 1,20,000 ಓಡಿ, ಹೊತ್ತಿಗೆ ಸರಿಯಾಗಿ ಆಯಿಲ್ ಕಂಡ ಗಾಡಿ ಅದಕ್ಕಿಂತ ಎಷ್ಟೋ ವಾಸಿ. ಆಯಿಲ್ ಕೂಡ ಯಾವುದೋ ಒಂದಲ್ಲ, ಡಿಪಿಎಫ್ ಇರುವ ಗಾಡಿಗೆ ಬೂದಿ ಕಡಿಮೆ ಬಿಡುವ ಆಯಿಲ್ ಬೇಕು. ಮಸಿ ಸುಡುತ್ತದೆ, ಆಯಿಲ್‌ನಿಂದ ಬರುವ ಬೂದಿ ಸುಡುವುದಿಲ್ಲ, ಫಿಲ್ಟರಿನಲ್ಲೇ ಕೂರುತ್ತದೆ.

ನೋಡಲು ಹೋದಾಗ ಇಂಜಿನ್ ತಣ್ಣಗಿರುವಾಗ ಸೈಲೆನ್ಸರ್ ಕೊಳವೆಯೊಳಗೆ ಬೆರಳು ಹಾಕಿ ಉಜ್ಜಿ. ಡಿಪಿಎಫ್ ಚೆನ್ನಾಗಿದ್ದರೆ ಬೆರಳು ಹೆಚ್ಚುಕಡಿಮೆ ಹಾಗೇ ಬರುತ್ತದೆ, ಸ್ವಲ್ಪ ಧೂಳು ಅಷ್ಟೇ. ಕಾಡಿಗೆ ಹಚ್ಚಿದ ಹಾಗೆ ಕಪ್ಪಾದರೆ ಫಿಲ್ಟರ್ ಒಡೆದಿದೆ, ಅಥವಾ ತುಂಬಿಕೊಂಡಿತು ಅಂತ ಯಾರೋ ಒಳಗಿದ್ದುದನ್ನು ಕಿತ್ತೆಸೆದು ಖಾಲಿ ಡಬ್ಬಿ ಬಿಟ್ಟಿದ್ದಾರೆ. ಅಂಥ ಗಾಡಿ ಹೊಗೆ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಅನುಭವಿಸುವವರು ನೀವು. ಇನ್ನೊಂದು: ಇಂಜಿನ್ ಆನ್ ಇಟ್ಟು, ನ್ಯೂಟ್ರಲ್‌ನಲ್ಲಿ ಕ್ಲಚ್ ಒತ್ತಿ, ಬಿಡಿ, ಮತ್ತೆ ಒತ್ತಿ. ಬಿಟ್ಟಾಗ ಕಟಕಟ ಅಂದು ಒತ್ತಿದಾಗ ನಿಂತರೆ, ಅಥವಾ ಗಾಡಿ ಆಫ್ ಮಾಡುವಾಗ ದಡ್ ಅಂತ ಒದ್ದ ಹಾಗಾದರೆ, ಫ್ಲೈವೀಲ್ ಕಡೆ ಅನುಮಾನ ಪಡಿ. ಕೆಲವೊಮ್ಮೆ ಗೇರ್‌ಬಾಕ್ಸ್ ಬೇರಿಂಗೂ ಹಾಗೇ ಕಟಕಟ ಅನ್ನುತ್ತದೆ, ಎರಡೂ ಖರ್ಚೇ.

ಪೆಟ್ರೋಲಿನಲ್ಲಿ ತಲೆನೋವೇ ಇಲ್ಲ ಅನ್ನುವುದೂ ಸುಳ್ಳು. ಸಿಲಿಂಡರಿಗೆ ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಇಂಜಿನ್‌ಗಳಲ್ಲಿ ಗಾಳಿ ಬರುವ ವಾಲ್ವ್ ಬೆನ್ನಿಗೆ ಕರಿ ಕಟ್ಟುತ್ತದೆ, ಏಕೆಂದರೆ ಅದನ್ನು ತೊಳೆಯಲು ಅಲ್ಲಿಗೆ ಪೆಟ್ರೋಲೇ ಹೋಗುವುದಿಲ್ಲ. ಹಳೇ ಮಾದರಿಯ, ಟರ್ಬೊ ಇಲ್ಲದ, ವಾಲ್ವ್ ಹಿಂದೆಯೇ ಇಂಜೆಕ್ಟರ್ ಇರುವ ಸಾದಾ ಪೆಟ್ರೋಲ್ ಇಂಜಿನ್ ಸಿಕ್ಕರೆ ನಾನಂತೂ ಕಣ್ಣುಮುಚ್ಚಿ ಆರಿಸುತ್ತೇನೆ. ಸ್ವಲ್ಪ ಮಂದ, ಆದರೆ ಪಾಪದ ಪ್ರಾಣಿ.

ಪ್ರಶ್ನೆ: ಮೀಟರ್ ತಿರುಗಿಸಿದ್ದಾರೋ ಇಲ್ಲವೋ ಅಂತ ಕಂಡುಹಿಡಿಯುವುದು ಹೇಗೆ?

ಉತ್ತರ: ಮೀಟರ್ ನೋಡಬೇಡಿ, ಬ್ರೇಕ್ ಪೆಡಲ್ ನೋಡಿ. 40,000 ಅಂತ ತೋರಿಸುವ ಗಾಡಿಯಲ್ಲಿ ಪೆಡಲ್ ರಬ್ಬರಿನ ಗೆರೆಗಳು ಅಳಿಸಿ ಒಂದು ಮೂಲೆ ಸವೆದಿದ್ದರೆ, ಸ್ಟಿಯರಿಂಗ್ ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿದ್ದರೆ ಸಂಖ್ಯೆ ಸುಳ್ಳು. ಪೆಡಲ್ ರಬ್ಬರ್ ಮಾತ್ರ ಹೊಚ್ಚಹೊಸದಾಗಿದ್ದರೂ ಕೇಳಿ, ಯಾಕೆ ಬದಲಿಸಿದರು ಅಂತ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ನಾಲ್ಕೂ ಟೈರ್ ಗಾಡಿಯ ಜೊತೆಗೇ ಬಂದದ್ದು ಅಂತ ಮಾರುವವರು ಹೇಳಿ, ಟೈರ್ ಗಾಡಿಗಿಂತ ಮೂರು ವರ್ಷ ಚಿಕ್ಕದಾಗಿದ್ದರೆ ಉಳಿದ ಮಾತನ್ನೂ ಅದೇ ತಕ್ಕಡಿಯಲ್ಲಿ ತೂಗಿ.

ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ. ಜಗಳ ಬೇಡ, ನಾಳೆ ಬೆಳಿಗ್ಗೆ ಬರುತ್ತೇನೆ, ಮುಟ್ಟಬೇಡಿ ಅಂತ ಹೇಳಿ ಬನ್ನಿ. ತಣ್ಣಗಿನ ಇಂಜಿನ್ ಒಂದೇ ಸಲಕ್ಕೆ ಹಿಡಿಯುತ್ತದೆಯಾ, ಮೊದಲ ಹೊಗೆ ನೀಲಿಯಾ ಕಪ್ಪಾ, ಇದೆಲ್ಲ ಆಗ ಮಾತ್ರ ಗೊತ್ತಾಗುವುದು. ಸ್ಕ್ಯಾನರ್ ಇರುವ ಮೆಕ್ಯಾನಿಕ್ ಜೊತೆಗಿದ್ದರೆ ಒಂದು ಕೆಲಸ ಹೇಳಿ. ದೋಷ ಇದೆಯಾ ಅಂತ ನೋಡುವುದಷ್ಟೇ ಅಲ್ಲ, ಗಾಡಿ ತನ್ನನ್ನು ತಾನು ಪರೀಕ್ಷಿಸಿಕೊಳ್ಳುವ ರೆಡಿನೆಸ್ ಅನ್ನುವ ಪಟ್ಟಿ ಪೂರ್ತಿಯಾಗಿದೆಯಾ ಅಂತಲೂ ನೋಡಲಿ. ದೋಷ ಒಂದೂ ಇಲ್ಲ, ಪಟ್ಟಿ ಮಾತ್ರ ಅಪೂರ್ಣ ಅಂದರೆ, ಬ್ಯಾಟರಿ ಬಿಚ್ಚಿರಬೇಕು ಅಥವಾ ನಿನ್ನೆಯೋ ಮೊನ್ನೆಯೋ ಯಾರೋ ಎಲ್ಲ ಅಳಿಸಿದ್ದಾರೆ.

ಪ್ರಶ್ನೆ: ಇಬ್ಬರು ಸಣ್ಣ ಮಕ್ಕಳು, ಒಬ್ಬರು ಅಜ್ಜಿ. ಹಿಂದಿನ ಸೀಟಿನಲ್ಲಿ ಮೂವರು ಹಿಡಿಯುತ್ತಾರೆ ಅಂತ ಮಾರುವವರು ಹೇಳುತ್ತಾರೆ. ನಂಬಬಹುದಾ?

ಉತ್ತರ: ನಂಬಬೇಡಿ, ಕೂರಿಸಿ ನೋಡಿ. ಮಕ್ಕಳ ಸೀಟ್ ಎರಡನ್ನೂ, ಅಜ್ಜಿಯನ್ನೂ ಕರೆದುಕೊಂಡೇ ಹೋಗಿ. ಮಕ್ಕಳ ಸೀಟನ್ನು ಗಾಡಿಗೆ ಸಿಕ್ಕಿಸುವ ಐಸೊಫಿಕ್ಸ್ ಕೊಂಡಿ ಹಿಂದಿನ ಸೀಟಿನ ಎರಡು ಕಡೆ ಇರುವುದೇ ಸಾಮಾನ್ಯ, ನಡುವೆ ಇರುವುದು ಅಪರೂಪ. ಎರಡು ಮಕ್ಕಳ ಸೀಟ್ ಹಾಕಿದ ಮೇಲೆ ನಡುವೆ ಉಳಿಯುವ ಜಾಗ ಎಷ್ಟೋ ಗಾಡಿಗಳಲ್ಲಿ ಒಂದು ಗೇಣು. ಬೆನ್ನು ಮುಂದೆ ಮಾಡಿ ಕೂರಿಸುವ ಕೂಸಿನ ಸೀಟ್ ಹಾಕಿದರೆ ಮುಂದಿನ ಸೀಟನ್ನು ಮುಂದಕ್ಕೆ ತಳ್ಳಬೇಕಾಗುತ್ತದೆ, ಆಗ ಅಲ್ಲಿ ಕೂತವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುತ್ತದೆ. ಅಜ್ಜಿಗೆ ನಡುವಿನ ಸೀಟ್ ಕೊಡಬೇಡಿ, ಅಲ್ಲಿಗೆ ಹತ್ತಿ ಇಳಿಯುವುದೇ ಒಂದು ಶಿಕ್ಷೆ. ಮೂರು ಬೇರೆ ಬೇರೆ ಸೀಟ್ ಇರುವ ಎತ್ತರದ ಗಾಡಿ ಹುಡುಕಿ, ಇಂಧನ ಯಾವುದು ಅನ್ನುವುದು ಆಮೇಲಿನ ಮಾತು.

ಪ್ರಶ್ನೆ: ಇಪ್ಪತ್ತು ವರ್ಷ ಪೆಟ್ರೋಲ್ ಓಡಿಸಿ ಈಗ ಡೀಸೆಲ್ ಗಾಡಿ ಕೊಂಡೆ. ಮೊದಲ ವಾರದಲ್ಲೇ ಅಭ್ಯಾಸಬಲದಿಂದ ಬಂಕಿನಲ್ಲಿ ಪೆಟ್ರೋಲ್ ಅಂದುಬಿಟ್ಟೆ. ನಡುವೆ ನಿಲ್ಲಿಸಿದೆವು. ಹಾಗೆ ಓಡಿಸಿಬಿಟ್ಟಿದ್ದರೆ ಏನಾಗುತ್ತಿತ್ತು?

ಉತ್ತರ: ದೊಡ್ಡ ಖರ್ಚಾಗುತ್ತಿತ್ತು. ಹೈ ಪ್ರೆಶರ್ ಪಂಪಿಗೆ ಡೀಸೆಲ್ಲೇ ಎಣ್ಣೆ ಹಾಕಿದ ಹಾಗೆ, ಪೆಟ್ರೋಲಿಗೆ ಆ ಜಿಡ್ಡಿಲ್ಲ. ಪಂಪ್ ಒಳಗೊಳಗೇ ಉಜ್ಜಿ ಕಬ್ಬಿಣದ ಪುಡಿ ಎದ್ದು ಇಂಜೆಕ್ಟರಿನವರೆಗೂ ಹೋಗುತ್ತದೆ. ಪೆಟ್ರೋಲ್ ನಳಿಗೆ ಸಾಮಾನ್ಯವಾಗಿ ಸಣ್ಣದು, ಡೀಸೆಲ್ ಗಾಡಿಯ ಬಾಯಿಗೆ ಸಲೀಸಾಗಿ ಇಳಿಯುತ್ತದೆ, ಹಾಗಾಗಿ ಈ ಎಡವಟ್ಟು ಆಗುವುದು ಹೆಚ್ಚಾಗಿ ಈ ದಿಕ್ಕಿನಲ್ಲೇ. ಇನ್ನೊಮ್ಮೆ ಹೀಗಾದರೆ ಕೀಲಿಯನ್ನೇ ತಿರುಗಿಸಬೇಡಿ. ಸ್ಟಾರ್ಟ್ ಆಗದಿದ್ದರೂ, ಬರೀ ಆನ್ ಮಾಡಿದರೆ ಸಾಕು, ಬಹಳ ಗಾಡಿಗಳಲ್ಲಿ ಟ್ಯಾಂಕಿನೊಳಗಿನ ಪಂಪ್ ಪೆಟ್ರೋಲನ್ನು ಮುಂದಕ್ಕೆ ತಳ್ಳಲು ಶುರು ಮಾಡುತ್ತದೆ. ನ್ಯೂಟ್ರಲ್‌ಗೆ ಹಾಕಿ, ನಾಲ್ಕು ಜನ ಸೇರಿ ಪಕ್ಕಕ್ಕೆ ತಳ್ಳಿ, ಟ್ಯಾಂಕ್ ಖಾಲಿ ಮಾಡಿಸಿ. ಹಿಂದೆ ನಿಂತವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ ಬಿಡಿ.