ಫ್ಯಾಂಟಸಿ ಬೇಸ್‌ಬಾಲ್ ಡ್ರಾಫ್ಟ್: ಐದು ಹೆಸರು ಕೇಳಬೇಡಿ, ನಿಯಮದ ಹಾಳೆ ಓದಿ

ನಿಜವಾದ ಬೇಸ್‌ಬಾಲ್ ಆಟಗಾರರನ್ನು ಸರದಿಯಂತೆ ಆರಿಸಿ (ಇದೇ ಡ್ರಾಫ್ಟ್) ಕಾಗದದ ಮೇಲೆ ತಂಡ ಕಟ್ಟಿ, ಅವರ ವರ್ಷದ ಅಂಕಿಗಳಿಂದ ಪೈಪೋಟಿ ನಡೆಸುವ ಆಟ ಫ್ಯಾಂಟಸಿ ಬೇಸ್‌ಬಾಲ್. ಕಚೇರಿಯವರ ಲೀಗು, ಹನ್ನೆರಡು ತಂಡ, ನಿಮ್ಮದು 9ನೆಯ ಸರದಿ, ನೋಡಿ ಬೆಳೆದದ್ದು ಕ್ರಿಕೆಟ್. ಬೌಲರ್‌ಗಳು ಪಂದ್ಯ ಗೆಲ್ಲಿಸುವ ಹಾಗೆ ಇಲ್ಲೂ ಚೆಂಡೆಸೆಯುವ ಪಿಚರ್‌ಗಳನ್ನೇ ಮೊದಲು ತೆಗೆದುಕೊಳ್ಳಲೇ, ಅಥವಾ ಬೇಸ್ ಕದಿಯುವ (ಹೊಡೆತವಿಲ್ಲದೆಯೇ ಓಡಿ ಮುಂದಿನ ಬೇಸ್ ಸೇರುವ) ವೇಗದ ಓಟಗಾರರನ್ನೇ, ಮೊದಲ ಐದು ಹೆಸರು ಹೇಳಿ ಎಂದು ಕೇಳಿದ್ದೀರಿ. ಐದು ಹೆಸರು ಹೇಳುವುದಿಲ್ಲ. ನೀವು ಕೇಳಿರುವ ಎರಡನ್ನೂ ನಾನು ಒಂದೇ ವರ್ಷದಲ್ಲಿ ಮಾಡಿ ಒಂಬತ್ತನೆಯ ಸ್ಥಾನಕ್ಕೆ ಬಂದವನು.

ಅದು 2023. ಫಿಲಡೆಲ್ಫಿಯಾದ ನೆರೆಯಲ್ಲಿರುವ ನ್ಯೂಜೆರ್ಸಿಯ ಊರಿನಲ್ಲಿ ನಮ್ಮ ವಾಸ. ಸಹೋದ್ಯೋಗಿಗಳೆಲ್ಲ ಫಿಲಡೆಲ್ಫಿಯಾದ ತಂಡ ಫಿಲ್ಲೀಸ್‌ನ ಭಕ್ತರು. ಹಿಂದಿನ ವರ್ಷದ ಲೇಖನಗಳನ್ನು ಓದಿ ಓದಿ ನನ್ನ ತಲೆಯಲ್ಲಿ ಒಂದೇ ಮಾತು ಕೂತುಬಿಟ್ಟಿತ್ತು: ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂತೆ ಬೇಲಿಯಾಚೆಗಿನ ಹೊಡೆತ) ಯಾರು ಬೇಕಾದರೂ ಹೊಡೆಯುತ್ತಾರೆ, ಬೇಸ್ ಕದಿಯುವವರು ವಿರಳ, ಆದ್ದರಿಂದ ಅವರನ್ನು ಮೊದಲೇ ಕಟ್ಟಿಹಾಕಬೇಕು. ನನ್ನದು ಮೂರನೆಯ ಸರದಿ. ಟ್ರೇ ಟರ್ನರ್‌ನನ್ನು ತೆಗೆದುಕೊಂಡೆ. ಅದೇ ಚಳಿಗಾಲದಲ್ಲಿ ಫಿಲ್ಲೀಸ್ ಅವನಿಗೆ 11 ವರ್ಷಕ್ಕೆ 30 ಕೋಟಿ ಡಾಲರ್ ಕೊಟ್ಟಿತ್ತು, ಹಾಗಾಗಿ ಮೇಜಿನ ಸುತ್ತ ಒಂದು ನಿಟ್ಟುಸಿರೂ ಕೇಳಿಸಿತು. ಮೂರನೆಯ ಸುತ್ತಿನಲ್ಲಿ ಜೇಕಬ್ ಡಿಗ್ರಾಮ್, ನೀವು ಹೇಳುವ ಪಂದ್ಯ ಗೆಲ್ಲಿಸುವ ಬೌಲರ್. ಆರು ಪಂದ್ಯ ಎಸೆದ, ಮೊಣಕೈ ಹೋಯಿತು, ಜೂನ್‌ನಲ್ಲಿ ಶಸ್ತ್ರಚಿಕಿತ್ಸೆ, ಆ ವರ್ಷಕ್ಕೆ ಮುಗಿಯಿತು. ಅದನ್ನು ದುರದೃಷ್ಟ ಎನ್ನಬಹುದು. ನಾಲ್ಕನೆಯ ಸುತ್ತಿನಲ್ಲಿ ನಡೆದದ್ದನ್ನು ಹಾಗೆನ್ನುವಂತಿಲ್ಲ.

ನಾಲ್ಕನೆಯ ಸುತ್ತಿಗೆ ನನ್ನ ಸರದಿ ಬಂದಾಗ ಪರದೆಯ ಮೇಲೆ ಉಳಿದವರ ಪಟ್ಟಿಯ ಮೇಲ್ತುದಿಯಲ್ಲಿ ಮ್ಯಾಟ್ ಓಲ್ಸನ್ ಇದ್ದ. ತೊಂಬತ್ತು ಸೆಕೆಂಡಿನ ಗಡಿಯಾರ ಇಳಿಯುತ್ತ ಬಂದು ಕೊನೆಯ ಹತ್ತರಲ್ಲಿ ಕೆಂಪಾಯಿತು. ನನ್ನ ಬೆರಳು ಓಲ್ಸನ್ ಹೆಸರಿನ ಮೇಲೇ ಇತ್ತು. ಅಲ್ಲಿಂದ ಕೆಳಗೆ ಸರಿಸಿ ಸೆಡ್ರಿಕ್ ಮಲ್ಲಿನ್ಸ್ ಮೇಲೆ ಒತ್ತಿದೆ, ಏಕೆಂದರೆ ಅವನು ಹಿಂದಿನ ವರ್ಷ 34 ಬೇಸ್ ಕದ್ದಿದ್ದ. ಪಕ್ಕದಲ್ಲಿ ಕೂತಿದ್ದವನು ನನ್ನತ್ತ ತಿರುಗಿಯೂ ನೋಡದೆ ಓಲ್ಸನ್‌ನನ್ನು ಎತ್ತಿಕೊಂಡ. ಆ ವರ್ಷ ಓಲ್ಸನ್ 54 ಹೋಮ್ ರನ್ ಹೊಡೆದು 139 ರನ್ ಗಳಿಸಿಕೊಟ್ಟ. ಮಲ್ಲಿನ್ಸ್ ತೊಡೆಸಂದಿನ ನೋವಿನಿಂದ ಎರಡು ಸಲ ಹೊರಗೆ ಕೂತು 19 ಬೇಸ್ ಕದ್ದ. ಅಷ್ಟಕ್ಕೂ ನಿಲ್ಲದೆ ಮುಂದಿನ ಸುತ್ತುಗಳಲ್ಲಿ ಟಾಮಿ ಎಡ್ಮನ್, ಹೋರ್ಹೆ ಮಟೇಯೊ, ಜಾನ್ ಬರ್ಟಿ ಎಂದು ಓಡುವವರನ್ನೇ ಸೇರಿಸುತ್ತ ಹೋದೆ. ಕೊನೆಗೆ, ಎಲ್ಲರೂ ಎದ್ದು ಹೋಗುವ ಹೊತ್ತಿಗೆ, ಓಕ್‌ಲ್ಯಾಂಡ್‌ನ ಎಸ್ತೇವುರಿ ರೂಯಿಸ್ ಎಂಬ ಹೊಸಬನನ್ನೂ ಹಾಕಿಕೊಂಡೆ.

ಈಗ ಆ ತಪ್ಪನ್ನು ಬಿಡಿಸಿ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನಿಮ್ಮದು ರೋಟೊ ಲೀಗು ಎಂದು ಬರೆದಿದ್ದೀರಿ. 1980ರಲ್ಲಿ ಡೇನಿಯಲ್ ಓಕ್ರೆಂಟ್ ಎಂಬ ಪತ್ರಕರ್ತ ಗೆಳೆಯರೊಂದಿಗೆ ಶುರು ಮಾಡಿದ ಆಟ ಇದು. ಅವರು ಸೇರುತ್ತಿದ್ದ ನ್ಯೂಯಾರ್ಕಿನ ‘ಲಾ ರೋಟಿಸರಿ ಫ್ರಾಂಸೇಸ್’ ಎಂಬ ಫ್ರೆಂಚ್ ಹೋಟೆಲಿನಿಂದ ಆ ಹೆಸರು ಬಂತು. ಈಗ ಹತ್ತು ವಿಭಾಗಗಳು. ಬ್ಯಾಟರ್‌ಗಳಿಗೆ ರನ್, ಹೋಮ್ ರನ್, ಆರ್‌ಬಿಐ (ತನ್ನ ಹೊಡೆತದಿಂದ ತಂಡಕ್ಕೆ ಬಂದ ರನ್), ಕದ್ದ ಬೇಸ್, ಬ್ಯಾಟಿಂಗ್ ಸರಾಸರಿ. ಪಿಚರ್‌ಗಳಿಗೆ ಗೆಲುವು, ಸೇವ್ (ಪಂದ್ಯದ ಕೊನೆಯಲ್ಲಿ ಮುನ್ನಡೆ ಉಳಿಸಿಕೊಟ್ಟದ್ದು), ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್), ಇಆರ್‌ಎ (ಒಂಬತ್ತು ಇನ್ನಿಂಗ್ಸಿಗೆ ಬಿಟ್ಟುಕೊಟ್ಟ ರನ್), ವಿಪ್ (ಇನ್ನಿಂಗ್ಸಿಗೆ ಬಿಟ್ಟುಕೊಟ್ಟ ಹಿಟ್ ಮತ್ತು ವಾಕ್). ಒಂದೊಂದರಲ್ಲೂ ಮೊದಲ ತಂಡಕ್ಕೆ 12 ಅಂಕ, ಕೊನೆಯದಕ್ಕೆ 1. ಇಲ್ಲಿ ಲೆಕ್ಕಕ್ಕೆ ಬರುವುದು ನಿಮ್ಮ ಸ್ಥಾನ, ಅಂತರವಲ್ಲ. ಎರಡನೆಯವನಿಗಿಂತ ಒಂದು ಬೇಸ್ ಹೆಚ್ಚು ಕದ್ದರೂ 12, ಐವತ್ತು ಹೆಚ್ಚು ಕದ್ದರೂ 12. ಉಳಿದ ನಲವತ್ತೊಂಬತ್ತು ಯಾವ ಖಾತೆಗೂ ಜಮೆಯಾಗುವುದಿಲ್ಲ. ನಾನು ಎಲೆಯ ತುಂಬ ಉಪ್ಪಿನಕಾಯಿ ಬಡಿಸಿಕೊಂಡು ಅನ್ನಕ್ಕೆ ಜಾಗವಿಲ್ಲದೆ ಕೂತಿದ್ದೆ.

ಇನ್ನೊಂದು ಲೆಕ್ಕ. ಒಬ್ಬ ಹೋಮ್ ರನ್ ಹೊಡೆದರೆ ನಿಮಗೆ ಒಂದು ಹೋಮ್ ರನ್, ಒಂದು ರನ್, ಕಡಿಮೆಯೆಂದರೂ ಒಂದು ಆರ್‌ಬಿಐ ಸಿಗುತ್ತದೆ, ಸರಾಸರಿಯೂ ಏರುತ್ತದೆ. ಒಂದೇ ಹೊಡೆತಕ್ಕೆ ನಾಲ್ಕು ವಿಭಾಗ. ಬೇಸ್ ಕದ್ದರೆ ಒಂದೇ. ಬಹಳವೆಂದರೆ ಮುಂದೆ ಒಂದು ರನ್ ಆದೀತು. ಅದರ ಮೇಲೆ, ಬರೀ ಓಟವನ್ನೇ ನಂಬಿದವರು ಬ್ಯಾಟಿಂಗ್ ಕ್ರಮದಲ್ಲಿ ಹೆಚ್ಚಾಗಿ ತಲೆಗೆ ಅಥವಾ ಬಾಲಕ್ಕೆ ಬೀಳುತ್ತಾರೆ. ಅವರ ಮುಂದೆ ಬೇಸ್‌ಗಳು ತುಂಬಿರುವುದು ಅಪರೂಪ, ಹಾಗಾಗಿ ಆರ್‌ಬಿಐ ಬರುವುದಿಲ್ಲ. ಮಟೇಯೊ 32 ಬೇಸ್ ಕದ್ದ, ನಿಜ. ಹೊಡೆದ ಹೋಮ್ ರನ್ 7, ಸರಾಸರಿ .217. ಅವನು ನನಗೆ ಒಂದು ವಿಭಾಗದಲ್ಲಿ ಕೊಟ್ಟದ್ದನ್ನು ಮೂರರಲ್ಲಿ ಕಿತ್ತುಕೊಂಡ.

ಇಷ್ಟೇ ಆಗಿದ್ದರೆ ದುರಾಸೆ ಎಂದು ಸುಮ್ಮನಾಗಬಹುದಿತ್ತು. ಆದರೆ ಆ ವರ್ಷ ಆಟದ ನಿಯಮವೇ ಬದಲಾಗಿತ್ತು, ಅದು ನನಗೆ ಗೊತ್ತೂ ಇತ್ತು. ಬೇಸ್‌ನ ಅಳತೆ 15 ಅಂಗುಲದಿಂದ 18ಕ್ಕೆ ಏರಿತ್ತು. ಪಿಚರ್ ಎಸೆಯುವುದಕ್ಕೆ ಗಡಿಯಾರ ಬಂದಿತ್ತು. ಓಟಗಾರನನ್ನು ಹೆದರಿಸಲು ಒಬ್ಬ ಬ್ಯಾಟರ್‌ನ ಸರದಿಯಲ್ಲಿ ಪಿಚರ್ ಎರಡು ಸಲ ಮಾತ್ರ ಎಸೆತ ನಿಲ್ಲಿಸಿ ಆಚೆ ತಿರುಗಬಹುದಿತ್ತು. ಮೂರನೆಯ ಸಲ ಪ್ರಯತ್ನಿಸಿ ಔಟ್ ಮಾಡದಿದ್ದರೆ ಓಟಗಾರನಿಗೆ ಮುಂದಿನ ಬೇಸ್ ಪುಕ್ಕಟೆ. ಮಾರ್ಚ್ ತಿಂಗಳ ಅಭ್ಯಾಸ ಪಂದ್ಯಗಳನ್ನು ಸೋಫಾದ ಮೇಲೆ ಕೂತು ನೋಡುತ್ತ, ಎಲ್ಲರೂ ಇಷ್ಟೊಂದು ಓಡುತ್ತಿದ್ದಾರಲ್ಲ ಎಂದು ಹೆಂಡತಿಗೆ ಹೇಳಿದವನೂ ನಾನೇ. ಎಲ್ಲರೂ ಓಡುವುದಾದರೆ ಓಡುವವನು ವಿರಳನಲ್ಲ, ಅವನ ಬೆಲೆ ಇಳಿಯಬೇಕು ಎಂಬ ಮುಂದಿನ ಹೆಜ್ಜೆಗೆ ತಲೆ ಹೋಗಲಿಲ್ಲ. 2022ರಲ್ಲಿ ಇಡೀ ಮೇಜರ್ ಲೀಗಿನಲ್ಲಿ (ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಲೀಗು) ಕದ್ದ ಬೇಸ್‌ಗಳು 2,486. 2023ರಲ್ಲಿ 3,503. ಅಭಾವದ ಕಾಲದ ದರ ತೆತ್ತು ಸುಗ್ಗಿಯ ಕಾಲದ ಮಾಲು ಕೊಂಡಿದ್ದೆ.

ರೂಯಿಸ್ ಏನು ಮಾಡಿದ ಗೊತ್ತೇ? 67 ಬೇಸ್ ಕದ್ದ, ಮೇಜರ್ ಲೀಗಿನ ಎರಡು ಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗಿನ ಹೊಸಬರಲ್ಲಿ ಅದು ದಾಖಲೆ. ಯಾರಿಗೂ ಬೇಡವಾಗಿದ್ದ ಕೊನೆಯ ಸುತ್ತಿನ ಆ ಒಬ್ಬನ ಜೊತೆ ಟರ್ನರ್ ಇದ್ದಿದ್ದರೆ ಆ ವಿಭಾಗದಲ್ಲಿ ಮರ್ಯಾದೆಯ ಸ್ಥಾನ ಸಿಗುತ್ತಿತ್ತು. ನಡುವೆ ನಾನು ಕೊಂಡವರೆಲ್ಲ ದಂಡ. ಜುಲೈನಲ್ಲಿ ಬುದ್ಧಿ ಬಂದು ಇಬ್ಬರು ಓಟಗಾರರನ್ನು ಕೊಟ್ಟು ಒಬ್ಬ ಹೊಡೆಯುವವನನ್ನು ಕೊಡಿ ಎಂದು ಎಲ್ಲರನ್ನೂ ಕೇಳಿಕೊಂಡು ಬಂದೆ. ಎಲ್ಲರ ಬಳಿಯೂ ಓಟಗಾರರಿದ್ದರು. ಕದ್ದ ಬೇಸ್‌ನಲ್ಲಿ ಬಹಳ ಮುಂದೆ ನಿಂತು ಮೊದಲ ಸ್ಥಾನ, ಹೋಮ್ ರನ್‌ನಲ್ಲಿ ಕೊನೆ, ಆರ್‌ಬಿಐನಲ್ಲಿ ಕೊನೆ.

ಟರ್ನರ್ ಬಗ್ಗೆ ಒಂದು ಮಾತು ಹೇಳದೆ ಹೋದರೆ ಅನ್ಯಾಯ. ಆಗಸ್ಟ್ ಬರುವವರೆಗೂ ಅವನ ಬ್ಯಾಟ್ ಮಲಗಿತ್ತು, ಫಿಲಡೆಲ್ಫಿಯಾದಲ್ಲಿ ಜನ ಬೈಯುವುದು ಬಿಟ್ಟು ಬೇರೇನೂ ಮಾಡುವುದಿಲ್ಲ ಎಂಬ ಖ್ಯಾತಿ ಬೇರೆ. ಆಗಸ್ಟ್ 4ರಂದು ತವರಿನ ಮೈದಾನದಲ್ಲಿ ಅವನು ಬ್ಯಾಟ್ ಹಿಡಿದು ಬಂದಾಗ ಇಡೀ ಕ್ರೀಡಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಲ್ಲಿಂದ ಅವನು ಬೇರೆಯೇ ಮನುಷ್ಯ. ವರ್ಷದ ಕೊನೆಗೆ 26 ಹೋಮ್ ರನ್, 30 ಸಲ ಕದಿಯಲು ಓಡಿ 30 ಸಲವೂ ಯಶಸ್ವಿ. ನಾನು ಮೊದಮೊದಲ ಸುತ್ತುಗಳಲ್ಲಿ ಆರಿಸಿದವರಲ್ಲಿ ಮೋಸ ಮಾಡದವನು ಅವನೊಬ್ಬ.

ಇನ್ನು ನಿಮ್ಮ ವಿಷಯ. ಪಿಚರ್ ಮೊದಲೋ ಓಟಗಾರ ಮೊದಲೋ ಎಂಬ ಪ್ರಶ್ನೆಯೇ ಸರಿಯಿಲ್ಲ. ಯಾವ ವಿಭಾಗವನ್ನೂ ಬರಿದಾಗಲು ಬಿಡಬಾರದು, ಯಾವುದನ್ನೂ ಉಕ್ಕಿ ಹರಿಸಬಾರದು. ಹತ್ತರಲ್ಲೂ ನಾಲ್ಕನೆಯವರಾದರೆ 90 ಅಂಕ. ನಮ್ಮ ಲೀಗಿನಲ್ಲಿ ಅಷ್ಟಕ್ಕೇ ಗೆದ್ದವರಿದ್ದಾರೆ, ಅದೂ ಒಂದು ವಿಭಾಗದಲ್ಲೂ ಮೊದಲಿಗರಾಗದೆ. ಹೆಸರಿನ ಪಟ್ಟಿಯ ಬದಲು ವಿಭಾಗಕ್ಕೊಂದರಂತೆ ಹತ್ತು ಕಂಬದ (ಕಾಲಂ) ಒಂದು ಹಾಳೆ ಮಾಡಿಕೊಳ್ಳಿ. ಒಬ್ಬೊಬ್ಬ ಆಟಗಾರನನ್ನು ತೆಗೆದುಕೊಂಡಾಗಲೂ ಅವನಿಂದ ನಿರೀಕ್ಷಿಸುವ ಅಂಕಿ ತುಂಬಿಸಿ, ಯಾವ ಕಂಬ ತೆಳುವಾಗಿದೆ ನೋಡಿ. ಐದನೆಯ ಸುತ್ತಿನಿಂದ ಮುಂದೆ ಹೆಸರು ಮರೆತು ಆ ಹಾಳೆಯನ್ನೇ ನೋಡಿ. ಮೊದಲ ಎರಡು ಸುತ್ತಿಗೆ ಹೊಡೆಯುವ, ಜೊತೆಗೆ ಓಡುವ ಬ್ಯಾಟರ್‌ಗಳು ಸಾಕು. ದಿನಾ ಆಡುವ ಬ್ಯಾಟರ್‌ನನ್ನು ಬಿಟ್ಟು ಐದಾರು ದಿನಕ್ಕೊಮ್ಮೆ ಎಸೆಯುವ ಪಿಚರ್‌ನ ಮೊಣಕೈ ಮೇಲೆ ಮೊದಲ ಸುತ್ತನ್ನು ಪಣಕ್ಕಿಡುವುದು ನನಗಂತೂ ಹುಚ್ಚುತನವಾಗಿ ಕಾಣುತ್ತದೆ. ಕ್ರಿಕೆಟ್‌ನ ಬೌಲರ್ ಹೋಲಿಕೆಯನ್ನು ಇಲ್ಲಿಗೆ ತರಲೇಬೇಡಿ.

9ನೆಯ ಸರದಿ ಎಂದರೆ ಹಾವಿನಂತೆ ತಿರುಗುವ ಈ ಕ್ರಮದಲ್ಲಿ (ಒಂದು ಸುತ್ತು 1ರಿಂದ 12ಕ್ಕೆ, ಮುಂದಿನದು 12ರಿಂದ 1ಕ್ಕೆ) ನಿಮಗೆ ಬರುವುದು 9, 16, 33, 40. 16ರಲ್ಲಿ ತೆಗೆದುಕೊಂಡ ಮೇಲೆ ಮತ್ತೆ ನಿಮ್ಮ ಸರದಿ ಬರುವುದರೊಳಗೆ 16 ಆಟಗಾರರು ಹೋಗಿರುತ್ತಾರೆ. ಒಬ್ಬ ಕ್ಲೋಸರ್‌ನನ್ನು (ಪಂದ್ಯದ ಕೊನೆಗೆ ಬಂದು ಸೇವ್ ಗಳಿಸುವ ಪಿಚರ್) ತೆಗೆದುಕೊಂಡರೆ ಉಳಿದವರೂ ಗಾಬರಿಯಾಗಿ ಕ್ಲೋಸರ್‌ಗಳ ಮೇಲೆ ಬೀಳುವುದು ಇಂಥ ನಡುವೆಯೇ. ಬೀಳಲಿ, ನೀವು ಬೀಳಬೇಡಿ. ಕ್ಲೋಸರ್ ಕೆಲಸ ವರ್ಷದ ನಡುವೆ ಕೈಬದಲಾಗುತ್ತಲೇ ಇರುತ್ತದೆ, ಏಪ್ರಿಲ್-ಮೇನಲ್ಲಿ ಪುಕ್ಕಟೆ ಸಿಗುವವರೂ ಇರುತ್ತಾರೆ.

ಡ್ರಾಫ್ಟ್ ದಿನಾಂಕ ಇನ್ನೂ ಗೊತ್ತಾಗಿಲ್ಲವಾದರೆ ಹಟ ಹಿಡಿದು ಮಾರ್ಚ್ ಕೊನೆಯ ವಾರಕ್ಕೆ ತಳ್ಳಿಸಿ. 2023ರ ಮಾರ್ಚ್ 15ರಂದು ದೇಶ ದೇಶಗಳು ಆಡುವ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನಲ್ಲಿ ಪೋರ್ಟೊರಿಕೊ ಗೆದ್ದಾಗ ಕುಣಿದು ಸಂಭ್ರಮಿಸುತ್ತಿದ್ದ ಎಡ್ವಿನ್ ಡಿಯಾಸ್‌ನ ಮೊಣಕಾಲಿನ ಸ್ನಾಯುರಜ್ಜು ಹರಿದು ಇಡೀ ವರ್ಷ ಹೋಯಿತು. ಎಲ್ಲರೂ ಮೊದಲು ಬಯಸುತ್ತಿದ್ದ ಕ್ಲೋಸರ್ ಅವನು. ಆ ಹೊತ್ತಿಗಾಗಲೇ ಡ್ರಾಫ್ಟ್ ಮುಗಿಸಿದ್ದವರ ಮುಖ ಕಲ್ಪಿಸಿಕೊಳ್ಳಿ.

ಬ್ಯಾಟೂ ಬೀಸುವ, ಚೆಂಡೂ ಎಸೆಯುವ ಓಹ್ತಾನಿಯ ವಿಷಯದಲ್ಲಿ ನಿಮ್ಮ ಲೀಗು ನಡೆಯುವ ಜಾಲತಾಣ ಏನು ಹೇಳುತ್ತದೆ ನೋಡಿಕೊಳ್ಳಿ. ಕೆಲವು ಕಡೆ ಬ್ಯಾಟರ್ ಓಹ್ತಾನಿ, ಪಿಚರ್ ಓಹ್ತಾನಿ ಎಂದು ಇಬ್ಬರು, ಕೆಲವು ಕಡೆ ಒಬ್ಬನೇ. ಹಾಗೆಯೇ ತಂಡಕ್ಕೆ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು) ಒಬ್ಬನೋ ಇಬ್ಬರೋ ಎಂಬುದನ್ನು ನೀವು ಬರೆದೇ ಇಲ್ಲ. ಅದನ್ನು ಕೆಳಗೆ ಸೇರಿಸಿ. ಒಬ್ಬನಾದರೆ ಕ್ಯಾಚರ್‌ನನ್ನು ಕೊನೆಗೆ ಬಿಡಿ ಎನ್ನುತ್ತೇನೆ. ಇಬ್ಬರಾದರೆ ಹನ್ನೆರಡು ತಂಡಕ್ಕೆ ಇಪ್ಪತ್ತನಾಲ್ಕು ಮಂದಿ ಬೇಕು, ದಿನಾ ಆಡುವ ಒಳ್ಳೆಯ ಕ್ಯಾಚರ್‌ಗಳು ಅಷ್ಟು ಮಂದಿ ಇಲ್ಲ, ಆಗ ನಡುವಿನ ಸುತ್ತುಗಳ ಲೆಕ್ಕವನ್ನು ಬೇರೆಯೇ ಹಾಕಬೇಕಾಗುತ್ತದೆ.