ಪ್ಯಾರ್ಟ್ ಅವರ ‘ಕ್ಯಾಂಟಸ್’: ಕೊನೆಯ ಗಂಟೆ ಯಾಕೆ ಕೇಳಲಿಲ್ಲ

ಎಸ್ಟೋನಿಯಾದ ಸಂಯೋಜಕ ಅರ್ವೋ ಪ್ಯಾರ್ಟ್ ಅವರ ‘ಕ್ಯಾಂಟಸ್’ ಶುರುವಿಗೆ ಕೇಳುವುದೇ ಇಲ್ಲ, ಆಮೇಲೆ ಕಿವಿಗೆ ಬಡಿಯುತ್ತದೆ, ಕೊನೆಗೆ ಕತ್ತರಿಸಿದ ಹಾಗೆ ನಿಲ್ಲುತ್ತದೆ ಅಂತ ಕುಮಟೆಯಿಂದ ಕೇಳಿದ್ದೀರಿ. ಮೊದಲೆರಡು ಆ ಕೃತಿಯ ಸ್ವಭಾವ. ಮೂರನೆಯದು ನಿಮ್ಮ ಆ್ಯಪಿನ ಕಿತಾಪತಿ.

1976ರಲ್ಲಿ ತೀರಿಕೊಂಡ ಇಂಗ್ಲಿಷ್ ಸಂಯೋಜಕ ಬೆಂಜಮಿನ್ ಬ್ರಿಟ್ಟನ್ ನೆನಪಿಗೆ ಬರೆದ ಕೃತಿ ಇದು. ತಂತಿವಾದ್ಯಗಳು, ಜೊತೆಗೆ ಒಂದೇ ಒಂದು ಗಂಟೆ. ಗಂಟೆಯ ಸ್ವರವನ್ನೇ ಸಾ ಎಂದಿಟ್ಟುಕೊಳ್ಳಿ. ಮೊದಲ ವಯೊಲಿನ್ ಗಾ, ಧಾ, ನಿ ಕೋಮಲವಾಗಿರುವ ಆಸಾವರಿ ಥಾಟಿನ ಸ್ವರಗಳಲ್ಲಿ ಇಳಿಯುತ್ತದೆ: ಸಾ, ಸಾ ನಿ, ಸಾ ನಿ ಧ... ಸ್ವರಾಭ್ಯಾಸದ ಪಲ್ಟಾ ಹಾಕಿದ ಹಾಗೆ, ಪ್ರತಿ ಸಲ ಮೇಲಿಂದ ಹೊರಟು ಒಂದು ಸ್ವರ ಹೆಚ್ಚು. ಎರಡನೇ ವಯೊಲಿನ್ ಅದನ್ನೇ ಒಂದು ಸಪ್ತಕ ಕೆಳಗೆ, ಅರ್ಧ ವೇಗದಲ್ಲಿ ನುಡಿಸುತ್ತದೆ. ವಿಯೋಲಾ, ಚೆಲ್ಲೋ ಹೀಗೇ ಅರ್ಧರ್ಧ ಆಗುತ್ತ ಡಬಲ್ ಬಾಸಿಗೆ ಬರುವಾಗ 16 ಪಟ್ಟು ನಿಧಾನ. ಫೋನಿನ ಸ್ಪೀಕರಿನಲ್ಲಿ ಈ ತಳವೇ ಮಾಯ. ಉಳಿಯುವುದು ಮೇಲಿನ ಕೀರಲು ಮಾತ್ರ. ವೈರ್ ಇರುವ ಹೆಡ್‌ಫೋನ್ ಹಾಕಿ.

ವಾಲ್ಯೂಮ್ ಶುರುವಿನಿಂದ ಹೊಂದಿಸಬೇಡಿ. ಮೊದಲು ನಾಲ್ಕನೇ ನಿಮಿಷಕ್ಕೆ ಹೋಗಿ, ಅಲ್ಲಿ ತುಂಬಿ ಕೇಳುವಷ್ಟು ಇಟ್ಟು, ಹಿಂದೆ ಬಂದು ಕೈ ಬಿಡಿ. ಆ್ಯಪಿನಲ್ಲಿ ಒಂದು ಹಾಡಿನ ಬಾಲಕ್ಕೆ ಮುಂದಿನದನ್ನು ಬೆರೆಸುವ ಕ್ರಾಸ್‌ಫೇಡ್ ಮತ್ತು ವಾಲ್ಯೂಮ್ ಸಮಮಾಡುವ ಸೆಟ್ಟಿಂಗ್ ಎರಡನ್ನೂ ಆಫ್ ಮಾಡಿ. ಕೆಲವು ಬ್ಲೂಟೂತ್ ಸ್ಪೀಕರುಗಳು ಸಣ್ಣ ದನಿಯನ್ನು ಮೌನವೆಂದೇ ಎಣಿಸಿ ಬಾಯಿ ಮುಚ್ಚುತ್ತವೆ, ಅದೂ ಇರಬಹುದು.

ಯಾಕೆಂದರೆ ಇಡೀ ಕೃತಿಯ ಫಲ ಇರುವುದು ಬಾಲದಲ್ಲಿ. ಕೊನೆಯ ದೊಡ್ಡ ಸ್ವರಮೇಳದ ಅಡಿಯಲ್ಲಿ ಗಂಟೆಯನ್ನು ಮೆಲ್ಲಗೆ ಹೊಡೆದಿರುತ್ತಾರೆ, ಹೊಡೆತ ಕೇಳುವುದಿಲ್ಲ. ತಂತಿಗಳು ತಟ್ಟನೆ ನಿಂತಾಗ ಅದರ ಅನುರಣನ ಮಾತ್ರ ಉಳಿಯುತ್ತದೆ. ತಂಬೂರಿಯ ಖರಜದಲ್ಲಿ, ಅಂದರೆ ಮಂದ್ರ ಸಾದಲ್ಲಿ, ಯಾರೂ ಮೀಟದೆಯೇ ಸ್ವಯಂಭೂ ಗಾಂಧಾರ ಹುಟ್ಟುವ ಹಾಗೆ ಅದರೊಳಗಿಂದ ಶುದ್ಧ ಗಾ ಏಳುತ್ತದೆ. ಅಷ್ಟೂ ಹೊತ್ತು ಕೋಮಲ ಗಾ ಕೇಳಿದ ಕಿವಿಗೆ! ಕ್ರಾಸ್‌ಫೇಡ್ ನುಂಗುವುದು ಸರಿಯಾಗಿ ಇದನ್ನೇ.

ರೆಕಾರ್ಡಿಂಗ್ ಯಾವುದು ಅಂದರೆ, 1984ರ ಇಸಿಎಂ ಕಂಪನಿಯ ಆಲ್ಬಂ ‘ಟಾಬುಲಾ ರಾಸಾ’ದಲ್ಲಿ ಡೆನಿಸ್ ರಸೆಲ್ ಡೇವಿಸ್ ವಾದ್ಯವೃಂದ ನಡೆಸಿದ್ದು, ಸುಮಾರು 5 ನಿಮಿಷ. ಅದೇ ಆಲ್ಬಮ್ಮಿನ ಶೀರ್ಷಿಕೆ ಕೃತಿ 1977ರ ಕಛೇರಿಯದು, ಸಭೆಯ ಸದ್ದು ಬಂದರೆ ಸ್ಪೀಕರ್ ಬಿಚ್ಚಲು ಹೋಗಬೇಡಿ. ಅದರಲ್ಲಿ ಪಿಯಾನೋ ಗಂಟೆಯ ಹಾಗೆ ಕೇಳುವುದು ತಂತಿಗಳ ನಡುವೆ ವಸ್ತು ಸಿಕ್ಕಿಸಿರುವುದರಿಂದ. ನುಡಿಸಿದವರು ಶ್ನಿಟ್ಕೆ, ಸ್ವತಃ ದೊಡ್ಡ ಸಂಯೋಜಕರು.

ಪ್ಯಾರ್ಟ್ ಅವರದೇ 1999ರ ‘ಆಲಿನಾ’ ಆಲ್ಬಂ ಮಾತ್ರ ಈಗ ಬೇಡ. ಬಿಡಿಬಿಡಿ ಪಿಯಾನೋ ಸ್ವರ ಆರುವುದನ್ನೇ ಅದರಲ್ಲಿ ಕೇಳಬೇಕು. ತಗಡಿನ ಮಾಡಿನ ಮೇಲೆ ಆಷಾಢದ ಮಳೆ ಹೊಡೆಯುವಾಗ ಅದು ಆಗದ ಮಾತು. ಕರೆಂಟ್ ಹೋದಾಗ ಇನ್ವರ್ಟರಿನ ಮೇಲೆ ಆಂಪ್ಲಿಫೈಯರ್ ಹಾಕಿದರೂ ‘ಗುಂಯ್’ ಎನ್ನುವುದು ಡಬಲ್ ಬಾಸಿನ ಜಾಗದಲ್ಲೇ ಕೂತುಬಿಡುತ್ತದೆ. ಫೋನಿನ ಬ್ಯಾಟರಿಯ ಮೇಲೆ ಕೇಳಿ.