ಅಪ್ಪನ ಹಳೇ ಯೆಜ್ಡಿ ಬೈಕಿನಲ್ಲಿ ಹುಬ್ಬಳ್ಳಿಯಿಂದ ಗೋವಾ ರ್ಯಾಲಿಗೆ ಹೋಗಬಹುದಾ? ಯಾವ ದಾರಿ ಬೇಗ ಮುಟ್ಟಿಸುತ್ತೆ?

ಖಂಡಿತ ಹೋಗಬಹುದು. ನಾನು ಧಾರವಾಡದವನು, ನನ್ನದೂ ಯೆಜ್ಡಿಯೇ, ರೋಡ್‌ಕಿಂಗ್ ಮಾಡೆಲ್. ನವೆಂಬರ್‌ನಲ್ಲಿ ಗೋವಾದ ವಾಗಾತೋರ್‌ಗೆ ಎರಡು ಸಲ ಅದರಲ್ಲೇ ಹೋಗಿ ಬಂದಿದ್ದೇನೆ. ಗಾಡಿ ತಾಳುತ್ತದೆ. ಬೇಗ ಮುಟ್ಟುವ ಆಸೆ ಮಾತ್ರ ಬಿಟ್ಟುಬಿಡಿ. ಒಂದು ದಿನ ಜಾಸ್ತಿ ರಜೆ ಹಾಕಿ. ಯಲ್ಲಾಪುರ, ಕಾರವಾರದ ಮೇಲೆ ಹೋಗಿ, ಅನಮೋಡ ಘಟ್ಟದ ಮೇಲೆ ವಾಪಸ್ ಬನ್ನಿ.

ಅದಕ್ಕೂ ಮೊದಲು ಒಂದು ಭಾನುವಾರ ಗದಗ ದಾಟಿ ಲಕ್ಕುಂಡಿಗೆ ಹೋಗಿ ಬನ್ನಿ, ಒಂದು ಕಡೆಗೆ ಸುಮಾರು 70 ಕಿ.ಮೀ. ಬಂದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಕಂದು ಬಣ್ಣಕ್ಕಿದ್ದರೆ ಸರಿ. ಕಪ್ಪಗೆ ಒದ್ದೆಯಾಗಿದ್ದರೆ ಕಾರ್ಬುರೇಟರ್ ತೋರಿಸಿ.

ಹೋಗುವಾಗ ಕಲಘಟಗಿ ಸುತ್ತ ಹುಷಾರು. ಆಗ ಗೋವಿನಜೋಳದ ಸುಗ್ಗಿ, ರಸ್ತೆಯ ಅಂಚಿಗೆ ಕಾಳು ಒಣಹಾಕಿರುತ್ತಾರೆ. ಟಯರ್ ಅದರ ಮೇಲೆ ಹತ್ತಿತೋ, ಗೋಲಿ ಮೇಲೆ ಕಾಲಿಟ್ಟ ಹಾಗೆ ಜಾರುತ್ತದೆ. ಮೊದಲ ಸಲ ಲಾರಿಗೆ ಸೈಡ್ ಕೊಡಲು ಹೋಗಿ ನಾನು ಬಿದ್ದೆ, ಮೊಣಕಾಲು ತರಚಿತು. ಕಾಳು ಕಾಯುತ್ತಿದ್ದ ಅಜ್ಜ ಓಡಿ ಬಂದು ಗಾಡಿ ಎತ್ತಿ, ನೀರು ಕೊಟ್ಟು, "ತಮ್ಮಾ, ಸಾವಕಾಶ ಹೋಗಪಾ" ಅಂದರು. ಅವರ ಕಾಳೆಲ್ಲ ಚೆಲ್ಲಿತ್ತು. ಇಬ್ಬರೂ ಕೂತು ಬಳಿದು ರಾಶಿ ಮಾಡಿದೆವು.

ಯಲ್ಲಾಪುರದಿಂದ ಮಾಗೋಡು ಜಲಪಾತಕ್ಕೆ ತಿರುಗಿಕೊಳ್ಳಿ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ನಮ್ಮ ಶಾಲ್ಮಲೆ ಬೇಡ್ತಿಯನ್ನು ಕೂಡಿಕೊಂಡು ಅಲ್ಲಿ ಧುಮುಕುತ್ತಾಳೆ. ಮುಂದೆ ಗಂಗಾವಳಿ ಅನ್ನಿಸಿಕೊಂಡು ಸಮುದ್ರ ಸೇರುವುದು ಅದೇ ನೀರು. ನಮ್ಮೂರಿನ ನೀರಿನ ಜೊತೆಗೇ ಕರಾವಳಿಗೆ ಇಳಿಯುತ್ತಿದ್ದೇನೆ ಅನ್ನಿಸಿ ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ.

ಇನ್ನು ಅರಬೈಲು ಘಟ್ಟ. ಇದನ್ನು ಗಮನವಿಟ್ಟು ಓದಿ. ನಿಮ್ಮದು ಟೂ ಸ್ಟ್ರೋಕ್ ಗಾಡಿ. ಪೆಟ್ರೋಲಿನಲ್ಲಿ ಬೆರೆಸಿದ ಆಯಿಲ್ಲೇ ಪಿಸ್ಟನ್ನಿಗೆ ಜೀವ (ನಾನು ಲೀಟರಿಗೆ 40 ಮಿ.ಲೀ. ಹಾಕುತ್ತೇನೆ). ಇಳಿಜಾರು ಅಂತ ಎಕ್ಸಿಲೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಬಹಳ ಹೊತ್ತು ಇಳಿದರೆ ಪೆಟ್ರೋಲ್ ಒಳಗೆ ಹೋಗುವುದು ಕಡಿಮೆಯಾಗುತ್ತದೆ, ಅದರ ಜೊತೆ ಆಯಿಲ್ಲೂ ಕಡಿಮೆ. ಎಂಜಿನ್ ಸೀಜ್ ಆಗುವುದು, ಅಂದರೆ ಪಿಸ್ಟನ್ ಒಳಗೇ ಹಿಡಿದುಕೊಳ್ಳುವುದು ಹೀಗೇ. ಆಗಾಗ ಕ್ಲಚ್ ಹಿಡಿದು ಸ್ವಲ್ಪ ಎಕ್ಸಿಲೇಟರ್ ಕೊಡುತ್ತಾ ಇಳಿಯಿರಿ. ಲಾರಿಗಳ ಬೆನ್ನು ಹತ್ತಬೇಡಿ. ಡ್ರಮ್ ಬ್ರೇಕ್ ಕಾದರೆ ಹಿಡಿತ ಹೋಗುತ್ತದೆ, ಜಾಗ ಇದ್ದಲ್ಲಿ ನಿಲ್ಲಿಸಿ ಆರಲು ಬಿಡಿ. ಸೈಲೆನ್ಸರ್ ಟಿಕ್ ಟಿಕ್ ಅನ್ನುತ್ತಾ ತಣ್ಣಗಾಗುವಾಗ ಕಾಡಿನ ಸದ್ದು ಕೇಳಿಸುತ್ತದಲ್ಲ, ಅದಕ್ಕಾಗಿಯೇ ನಾನು ಹೋಗುವುದು.

ರ್ಯಾಲಿಯಲ್ಲಿ ನಿಮ್ಮ ಗಾಡಿ ಸುತ್ತ ಜನ ಸೇರುತ್ತಾರೆ. ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು, ಹೊಸ ಹುಡುಗರು ಇವನ್ನು ನೋಡಿರುವುದೇ ಕಡಿಮೆ. ಕಿಕ್ ಹೊಡೆದ ಲಿವರನ್ನೇ ಮುಂದಕ್ಕೆ ಮಡಚಿ ಗೇರ್ ಹಾಕಿ ತೋರಿಸಿ, ಅವರ ಮುಖ ನೋಡಬೇಕು!

ವಾಪಸ್ ಬರುವಾಗ ಮೊಲ್ಲೆಂ ದಾಟಿದ ಮೇಲೆ ಅನಮೋಡ ಘಟ್ಟದ ಏರು. ಗಾಡಿ ಬಿಸಿಯಾಗುತ್ತದೆ, ನಡುವೆ ಒಮ್ಮೆ ನಿಲ್ಲಿಸಿ. ಆಮೇಲೆ ರಾಮನಗರ, ಅಳ್ನಾವರ, ಧಾರವಾಡ. ಕತ್ತಲಾಗುವ ಮೊದಲೇ ಕಾಡು ದಾಟಿಬಿಡಿ. ಕಾಡುಕೋಣ ರಸ್ತೆಗೆ ಬಂದು ನಿಂತರೆ ಯೆಜ್ಡಿಯ ಮಂಕು ಹೆಡ್‌ಲೈಟಿಗೆ ಕಾಣಿಸುವುದು ತೀರ ಹತ್ತಿರ ಹೋದ ಮೇಲೆಯೇ. ಒಂದು ಕ್ಲಚ್ ಕೇಬಲ್, ಎರಡು ಪ್ಲಗ್, ಪೆಟ್ರೋಲಿಗೆ ಬೆರೆಸುವ ಟೂ-ಟಿ ಆಯಿಲ್ ಒಂದು ಬಾಟಲಿ ಬ್ಯಾಗಿನಲ್ಲಿರಲಿ. ಸಾಧ್ಯವಾದರೆ ಅಪ್ಪನನ್ನೂ ಹಿಂದೆ ಕೂರಿಸಿಕೊಂಡು ಹೋಗಿ.